ಸೋಮವಾರ ಉಪವಾಸ ಮಾಡುವ ಮೀನು

ಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಖಾಲಿ ಇದ್ದರೆ ಬಂದವರೆಲ್ಲ ಪಂಡಿತರಾಗಿಬಿಡುತ್ತಾರೆ. ಖಾಲಿ ಗೋಡೆ ನೋಡಿ ಯಾರೂ ಏನೂ ಅನ್ನುವುದಿಲ್ಲ. ಖಾಲಿ ಕುರ್ಚಿ ಕಂಡರೆ ಸುಮ್ಮನೆ ಕೂತುಕೊಳ್ಳುತ್ತಾರೆ. ಆದರೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಮೀನಿನ ತೊಟ್ಟಿಯೊಂದು ನೀರು ತುಂಬಿಕೊಂಡು ಪಡಸಾಲೆಯಲ್ಲಿ ನಿಂತಿತೋ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೂ ಸಿಲಿಂಡರ್ ಇಳಿಸಿ, ಬೆವರು ಒರೆಸಿಕೊಂಡು, ಇದರಲ್ಲಿ ಯಾವ ಮೀನು ಬಿಟ್ಟರೆ ಒಳ್ಳೆಯದೆಂದು ಹೇಳಿಯೇ ಹೋಗುತ್ತಾನೆ. ಮದುವೆ ವಯಸ್ಸಿಗೆ ಬಂದ ಹುಡುಗ ಮನೆಯಲ್ಲಿದ್ದ ಹಾಗೆ. ಹುಡುಗನನ್ನು ಯಾರೂ ಕೇಳುವುದಿಲ್ಲ, ಕನ್ಯೆ ಮಾತ್ರ ಎಲ್ಲರ ಜೇಬಿನಲ್ಲೂ ಇರುತ್ತಾಳೆ. ಇದನ್ನು ನಾನು ದೂರಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಇಷ್ಟೊಂದು ಜನ ಹೇಳಿದರೂ ನಾನು ಒಬ್ಬರ ಮಾತನ್ನೂ ಕೇಳಲಿಲ್ಲ ಎಂಬುದನ್ನು ದಾಖಲೆ ಮಾಡುವುದಕ್ಕೆ ಹೇಳುತ್ತಿದ್ದೇನೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವ ಸಂಬಂಧಿಕರೂ ಇದ್ದಾರೆ, ಇರಲಿ. ನಮ್ಮಪ್ಪ ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದು ಮೆಹದಿಪಟ್ಟಣದಲ್ಲಿ ಗಾಜಿನ ಅಂಗಡಿ ಇಟ್ಟರು. ಅವರ ಕೈಯಿಂದ ವಜ್ರದ ಮೊನೆಯ ಕತ್ತರಿಯನ್ನು ನಾನು ತೆಗೆದುಕೊಂಡು ಮೂವತ್ತು ವರ್ಷವಾಯಿತು. ಗಾಜು ಕೊಯ್ಯುವುದು ಬರೆಯುವ ಕೆಲಸದಂತಲ್ಲ. ಬರೆದದ್ದನ್ನು ಅಳಿಸಬಹುದು. ಗಾಜಿನ ಮೇಲೆ ಒಂದು ಗೆರೆ ಎಳೆದಿರೆಂದರೆ ಅದು ಮುಗಿದ ಮಾತು. ಗಚ್ಚಿಬೌಲಿಯ ಯಾವುದೋ ಆಫೀಸಿನಲ್ಲಿ ನೀವು ಗಾಜಿನ ಗೋಡೆಗೆ ಹಣೆ ಬಡಿದುಕೊಂಡಿದ್ದರೆ, ಅದು ನಾನು ಕೂಡಿಸಿದ ಗಾಜೇ ಇರಬಹುದು. ಕ್ಷಮೆ ಕೇಳುವುದಿಲ್ಲ. ಗಾಜು ಅಷ್ಟು ಸ್ವಚ್ಛವಿತ್ತೆಂದು ಅದರ ಅರ್ಥ.

ತೊಟ್ಟಿಯ ಹುಟ್ಟೂ ಅಲ್ಲಿಯದೇ. ಅಂಥದೊಂದು ಆಫೀಸಿನವರು ಪ್ರದರ್ಶನದ ಕಪಾಟಿಗೆಂದು ದಪ್ಪ ಗಾಜು ಕೇಳಿದರು. ಲ್ಯಾಪ್‌ಟಾಪಿನಲ್ಲಿ ನಕ್ಷೆ ಮಾಡಿ, ಬಣ್ಣ ಹಾಕಿ, ನಾಲ್ಕು ಜನ ಸಹಿ ಮಾಡಿ ಕಳಿಸಿದರು. ನಾನು ನಕ್ಷೆಯಲ್ಲಿದ್ದಂತೆಯೇ ಕೊಯ್ದೆ. ಕೂಡಿಸಲು ಹೋದರೆ ಎರಡು ಸೂತು, ಅಂದರೆ ಕಾಲು ಇಂಚು, ಹೆಚ್ಚು. ಗಾಜು ತಪ್ಪಿರಲಿಲ್ಲ, ಸಹಿಗಳು ತಪ್ಪಿದ್ದವು. ಆ ಗಾಜು ವಾಪಸ್ಸು ಬಂದು ವರ್ಷಗಟ್ಟಲೆ ಅಂಗಡಿಯ ಗೋಡೆಗೆ ಒರಗಿ ನನ್ನ ಮುಖ ನೋಡುತ್ತ ನಿಂತಿತು. ಕಡೆಗೊಂದು ಭಾನುವಾರ ನನಗೇ ರೋಷ ಬಂತು. ಅದನ್ನು ಮತ್ತೆ ಕೊಯ್ದು, ಅಂಚು ತೀಡಿ, ಸಿಲಿಕೋನ್ ಹಚ್ಚಿ ನಿಲ್ಲಿಸಿದೆ. ನೀರು ತುಂಬಿ ಹದಿನೈದು ದಿನ ಕೆಳಗೆ ಹಳೆಯ ಪೇಪರು ಹಾಸಿ ಕಾದೆ. ಪೇಪರು ಒಂದು ಹನಿ ನೆನೆಯಲಿಲ್ಲ. ಆ ಪೇಪರನ್ನು ಈಗಲೂ ಇಟ್ಟುಕೊಂಡಿದ್ದೇನೆ. ನನ್ನ ಪದವಿ ಪ್ರಮಾಣಪತ್ರ ಅದು.

ಅದನ್ನು ಮೊದಲು ನೋಡಲು ಬಂದವರು ನಮ್ಮ ಭಾವ. ಅಕ್ಕನ ಗಂಡ. ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಊಟಕ್ಕೆ ಕುಳಿತರೂ ಉಪ್ಪಿಗೆ ಇನ್ನೊಂದು ಹೆಸರು ಹೇಳಿ ಬಡಿಸಿಕೊಳ್ಳುವ ಜಾತಿಯವರು. ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ಟಕಟಕ ಎಂದು ಕುಟ್ಟಿ ಹೇಳಿದರು:

"ಗಾಜಿನ ಕೆಲಸ ಚಲೋ ಮಾಡೀದಿ ವೀರೇಶ, ಇಲ್ಲ ಅನ್ನೂದಿಲ್ಲ. ಆದ್ರ ಮೀನು ಸಾಕೂದಂದ್ರ ಗಾಜು ಕೊಯ್ದಂಗಲ್ಲ. ನೀರಿನ ಕೆಮಿಸ್ಟ್ರಿ ಗೊತ್ತಿರಬೇಕು. ಓದಬೇಕಾಕ್ಕೈತಿ. ಒಂದು ಬ್ಯಾಸಗಿ ದಾಟಿಸಿಬಿಡು, ನೋಡೋಣು."

ಕೊನೆಯ ಮಾತು ಎಷ್ಟು ಮೆತ್ತಗಿತ್ತೆಂದರೆ ನನ್ನ ಹೆಂಡತಿ ಶಾಂತಾ ಅದನ್ನು ಆಶೀರ್ವಾದವೆಂದೇ ತಿಳಿದಳು. ನಾನು ತಿಳಿಯಲಿಲ್ಲ. "ಓದಬೇಕಾಕ್ಕೈತಿ" ಎಂಬ ಶಬ್ದ ನನ್ನ ಕಿವಿಗೆ ಬಿದ್ದರೆ ಮುಂದಿನ ಪಿಂಚಣಿಯವರೆಗೂ ಮರೆಯುವುದಿಲ್ಲ, ಪಿಂಚಣಿ ನನಗೆ ಇಲ್ಲದಿದ್ದರೂ.

ಎರಡನೆಯ ಆಕ್ಷೇಪಣೆ ಅಡುಗೆಮನೆಯಿಂದ ಬಂತು. ನಮ್ಮ ಮನೆ ಅಪ್ಪಟ ಕಾಯಿಪಲ್ಯದ ಮನೆ. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನು ಕೂಡ ಅವ್ವ ಗೋಡೆಗೆ ಹಾಕಗೊಡುವುದಿಲ್ಲ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತೊಟ್ಟಿಯ ಮುಂದೆ ನಿಂತು, "ಮೀನು ಇರಲಿ, ಜೀವ ಅದು. ಏನು ತಿಂತೈತಿ ಅದನ್ನ ಹೇಳು" ಎಂದಳು. ಭಾವ ಉತ್ಸಾಹದಿಂದ, ಕೆಂಪು ಹುಳ, ಸೀಗಡಿ ಪುಡಿ, ದೊಡ್ಡ ಮೀನಿಗೆ ಚಿಕ್ಕ ಮೀನು ಎಂದು ಪಾಠ ಒಪ್ಪಿಸಿದರು. ಅವ್ವನ ಮುಖ ನೋಡಬೇಕಿತ್ತು.

"ನೋಡು ವೀರೇಶಾ, ಈ ಹೊಸ್ತಿಲದಾಗ ಬಂದು ಇರೂವು ನಾವು ತಿಂದಿದ್ದು ತಿನ್ನಬೇಕು. ಮಾಂಸಾ ತಿಂದ ದಿವಸ ನಿನ್ನ ಪೆಟ್ಟಿಗಿ ಹೊರಗ. ಇದು ಕರಾರು."

ಶಾಂತಾ ಆಗಲೇ ಮೊಳ ಹಾಕಿ ತೊಟ್ಟಿಯನ್ನು ಅಳೆಯುತ್ತಿದ್ದಳು. "ಹೊರಗ ಯಾಕ್ರಿ ಅತ್ತಿ, ನೀರು ಚೆಲ್ಲಿದ್ರ ಸಾಕು. ನನ್ನ ತವರುಮನಿ ಹಿತ್ತಾಳಿ ಸಾಮಾನು ಪೂರಾ ಕುಂದರತಾವು ಇದರಾಗ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಪಕ್ಷ ಎರಡಾದವು. ಒಂದು ಕಡೆ ಹಿತ್ತಾಳೆ, ಇನ್ನೊಂದು ಕಡೆ ನಾನು.

ಹೀಗೆ ಜಗತ್ತಿನಲ್ಲಿ ಯಾರಿಗೂ ಬಾರದ ಹುಡುಕಾಟ ನನಗೆ ಬಂತು: ಹೈದರಾಬಾದಿನ ಮೇ ತಿಂಗಳನ್ನು ತಡೆಯುವ, ಶುದ್ಧ ಶಾಕಾಹಾರಿ ಮೀನು. ನನ್ನ ಅಂಗಡಿಯಿಂದ ಎರಡು ಅಂಗಡಿ ಆಚೆಗೆ ಖಾಲಿದ್ ಭಾಯಿಯವರ ಮೀನಿನ ಅಂಗಡಿ ಇದೆ. ಬಣ್ಣದ ಮೀನು, ಪಂಪು, ಬಲೆ, ಪ್ಲಾಸ್ಟಿಕ್ ಗಿಡ ಎಲ್ಲ ಮಾರುತ್ತಾರೆ. ಇಪ್ಪತ್ತು ವರ್ಷದ ನೆರೆಹೊರೆ. ನನ್ನ ಬೇಡಿಕೆ ಕೇಳಿ ಅವರು ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ, "ಕ್ಯಾ ಭಾಯಿ, ಮಛ್ಲಿ ಭೀ ವೆಜಿಟೇರಿಯನ್ ಹೋನಾ?" ಎಂದರು. ಮೀನೂ ಶಾಕಾಹಾರಿಯೇ ಬೇಕೇ ಎಂದು. ಹೌದೆಂದೆ. ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, ಆಮೇಲೆ ರಸ್ತೆಯ ಆ ಬದಿಯ ಹೋಟೆಲನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. ಆ ನೋಟದ ಕಾರಣ ಅವರಿಗೂ ಗೊತ್ತು, ನನಗೂ ಗೊತ್ತು. ಓದುಗರಿಗೆ ಸಮಯ ಬಂದಾಗ ಹೇಳುತ್ತೇನೆ, ಅವಸರವಿಲ್ಲ.

ಮೊದಲು ತೋರಿಸಿದ್ದು ಗೋಲ್ಡ್ ಫಿಶ್. ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ. ಅದು ತಣ್ಣೀರಿನ ಜೀವ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ, ಆ ನೀರಿನಲ್ಲಿ ಅದೇನು ಮಾಡೀತು? ಗಚ್ಚಿಬೌಲಿಯಲ್ಲಿ ಒಬ್ಬರ ಮನೆಗೆ ಬಾಲ್ಕನಿ ಗಾಜು ಕೂಡಿಸಲು ಹೋಗಿದ್ದೆ. ಹದಿನಾಲ್ಕನೆಯ ಮಹಡಿ, ಮೇ ತಿಂಗಳು. ನಾನು ಹೊರಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಿಸಿಲಿನಲ್ಲಿ ಹುರಿದುಹೋಗುತ್ತಿದ್ದೆ, ಒಳಗೆ ಮೂರು ಗೋಲ್ಡ್ ಫಿಶ್ಶುಗಳಿಗೆ ನೀರು ತಂಪು ಮಾಡುವ ಯಂತ್ರ ಓಡುತ್ತಿತ್ತು. ಅವು ಗಾಜಿನ ಆ ಕಡೆಯಿಂದ ಬಾಯಿ ತೆರೆದು ನನ್ನನ್ನು ನೋಡುತ್ತಿದ್ದವು. ಆ ದಿನವೇ ತೀರ್ಮಾನಿಸಿದೆ, ನಾನು ಎ.ಸಿ. ಇಲ್ಲದೆ ಬದುಕಿದ ಊರಿನಲ್ಲಿ ಎ.ಸಿ. ಬೇಕೆನ್ನುವ ಮೀನು ನನ್ನ ಮನೆಗೆ ಬೇಡ.

ಆಮೇಲೆ ಡಿಸ್ಕಸ್ ಎಂಬ ಚಪ್ಪಟೆ ಮೀನು ತೋರಿಸಿದರು. ನೋಡಲು ರಾಜಕುಮಾರ, ಆದರೆ ನೀರು ದಿನ ಬಿಟ್ಟು ದಿನ ಬದಲಿಸಬೇಕು, ಸದ್ದು ಮಾಡಬಾರದು, ಮನಸ್ಸು ಕೆಟ್ಟರೆ ಊಟ ಬಿಡುತ್ತದೆ. ನಮ್ಮ ಕಡೆ ಮದುವೆಯಲ್ಲಿ ಬೀಗರು ಮಾಡುವುದೂ ಇದನ್ನೇ, ಆದರೆ ಅವರು ಎರಡು ದಿನಕ್ಕೆ ಹೋಗಿಬಿಡುತ್ತಾರೆ. ಅರೋವಾನ ಎಂಬ ಉದ್ದ ಮೀನು ಮನೆಗೆ ಲಕ್ಷ್ಮಿ ತರುತ್ತದೆಂದು ಪಕ್ಕದ ಮನೆಯವರು ಹೇಳಿದ್ದರು. ಅದು ಲಕ್ಷ್ಮಿ ತರುವ ಮೊದಲು ಜಿರಳೆ ಕೇಳುತ್ತದೆಂದು ಖಾಲಿದ್ ಭಾಯಿ ಹೇಳಿದ ಮೇಲೆ ಆ ಸಂಬಂಧ ಅಲ್ಲೇ ಮುರಿಯಿತು. ಹಣೆಯ ಮೇಲೆ ಬುಗುಟು ಬಂದ ಫ್ಲವರ್‌ಹಾರ್ನ್ ಮೀನಿಗೆ ಇನ್ನೊಂದು ಮೀನನ್ನು ಕಂಡರೆ ಆಗದು, ಒಂಟಿಯಾಗಿಯೇ ಇರಬೇಕಂತೆ. ಅಂಥ ಸ್ವಭಾವದವನು ಮನೆಯಲ್ಲಿ ಒಬ್ಬನಿದ್ದಾನೆ, ಸಾಕು ಎಂದೆ.

ಕಡೆಗೆ ಖಾಲಿದ್ ಭಾಯಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮೂಲೆಯ ತೊಟ್ಟಿಯಲ್ಲಿ ಅಂಗೈ ಉದ್ದದ ಬೂದು ಬಣ್ಣದ ಮೀನೊಂದು ನಿಂತಿತ್ತು. ದಪ್ಪ ತುಟಿ, ಗದ್ದದ ಕೆಳಗೆ ಎರಡು ಮೀಸೆ, ಯಾರ ಮಾತಿಗೂ ಬಗ್ಗುವುದಿಲ್ಲವೆಂಬ ಮುಖ. ದೊಡ್ಡ ಗೌರಾಮಿ. ಎರಡು ಅಡಿಯ ತನಕ ಬೆಳೆಯುತ್ತದೆ, ಅದಕ್ಕೇ ಯಾರೂ ಒಯ್ಯುವುದಿಲ್ಲ. ಸೊಪ್ಪು, ಸೌತೆಕಾಯಿ, ಬಟಾಣಿ, ಬಾಳೆಹಣ್ಣು ಕೊಟ್ಟರೆ ಸಂತೋಷ. ಬಿಸಿನೀರಿಗೆ ಜಗ್ಗುವುದಿಲ್ಲ. ಕರೆಂಟು ಹೋಗಿ ಪಂಪು ನಿಂತರೂ ಹೆದರುವುದಿಲ್ಲ, ಮೇಲೆ ಬಂದು ಬಾಯಿ ಹೊರಗಿಟ್ಟು ನಮ್ಮ ನಿಮ್ಮ ಹಾಗೆ ಗಾಳಿಯನ್ನೇ ಕುಡಿಯುತ್ತದೆ. ನೋಡಿ, ಇದಲ್ಲವೇ ಮೀನು! ಯಾವ ಯಂತ್ರದ ಹಂಗೂ ಇಲ್ಲದೆ ಸ್ವಂತ ಉಸಿರಿನಲ್ಲಿ ಬದುಕುವುದು. ನನಗೆ ಕನ್ನಡಿ ನೋಡಿದಂತಾಯಿತು. ಅದರ ಜೊತೆಗಿರಲೆಂದು ಐದು ಸಿಲ್ವರ್ ಡಾಲರ್ ಮೀನುಗಳನ್ನೂ ಆರಿಸಿದೆ. ದುಂಡಗೆ, ಬೆಳ್ಳಗೆ, ಸೊಪ್ಪು ತಿನ್ನುವ ಸಾಧುಗಳು. ಕಳಿಸುವಾಗ ಖಾಲಿದ್ ಭಾಯಿ ಒಂದು ಮಾತು ಹೇಳಿದರು: "ಛೋಟಿ ಮಛ್ಲಿಯಾಂ ಇಸ್ಕೇ ಸಾಥ್ ನಕ್ಕೋ ರಖೋ, ಭಾಯಿ." ಇದರ ಜೊತೆ ಸಣ್ಣ ಮೀನು ಬೇಡ ಎಂದು. ನಾನು ಕೇಳಿಸಿಕೊಂಡೆ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ.

ಭಾವ ಮುಂದಿನ ಭಾನುವಾರವೇ ಮೊಬೈಲು ಹಿಡಿದು ಬಂದರು. "ಈ ಬೆಳ್ಳನ್ನ ಮೀನು ಅದಾವಲ್ಲ ವೀರೇಶ, ಇವು ಮನಷ್ಯಾರನ್ನ ಕಡಿಯೋ ಪಿರಾನ್ಹಾದ ಸಂಬಂಧಿಕರಂತ" ಎಂದರು.

"ಸಂಬಂಧಿಕರನ್ನ ನೋಡಿ ಯಾರನ್ನೂ ಅಳೀಬಾರದು ಭಾವಾರ. ಹಂಗ ನೋಡಿದ್ರ ನಾನು ನಿಮ್ಮ ಸಂಬಂಧಿಕ, ಎಷ್ಟು ಶಾಣ್ಯಾ ಇರಬೇಕಾಗಿತ್ತು" ಎಂದೆ. ಶಾಂತಾ ಚಹಾದ ಕಪ್ಪು ಅವರ ಕೈಗೆ ಸ್ವಲ್ಪ ಅವಸರದಲ್ಲೇ ಕೊಟ್ಟಳು.

ಇನ್ನು ಅವ್ವ. ಕರಾರು ಹಾಕಿದವಳೇ ಮೀನಿನ ಅಡುಗೆಯನ್ನು ವಹಿಸಿಕೊಂಡಳು. ಬೆಳಿಗ್ಗೆ ಪಾಲಕ, ಮಧ್ಯಾಹ್ನ ನೆನೆಸಿದ ಹೆಸರುಕಾಳು, ಸಂಜೆ ಜೋಳದ ರೊಟ್ಟಿಯ ನಾಲ್ಕು ಚೂರು. ಅದೂ ದೇವರ ಮುಂದೆ ಇಟ್ಟು ಎತ್ತಿದ ಮೇಲೆ. ಗೌರಾಮಿ ಮೇಲೆ ಬಂದು ಆಕೆಯ ಬೆರಳಿನಿಂದಲೇ ಸೊಪ್ಪು ಎಳೆದುಕೊಂಡು ತಿನ್ನುತ್ತಿತ್ತು. ನಾಲ್ಕನೆಯ ವಾರಕ್ಕೆ ಅದಕ್ಕೆ "ಗೌಡ" ಎಂದು ಹೆಸರೂ ಬಿತ್ತು. ಮೀಸೆ ಇತ್ತಲ್ಲ. ಆದರೆ ಸೋಮವಾರ ಮಾತ್ರ ಗೌಡನಿಗೂ ಅವನ ಐದು ಜನ ಆಳುಗಳಿಗೂ ಊಟವಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಎಲ್ಲರೂ ಒಪ್ಪತ್ತು. ದೀಪ ಹಚ್ಚಿದ ಮೇಲೆಯೇ ಊಟ. ನಾನೂ ಮಾಡುತ್ತೇನೆ. ಬೆಳಿಗ್ಗೆ ಬರೀ ಚಹಾ ಕುಡಿದು ಅಂಗಡಿಗೆ ಹೋದವನು ಸಂಜೆ ಒಂದು ಮೀಠಾ ಪಾನ್ ಜಗಿಯುತ್ತ ಮನೆಗೆ ಬರುತ್ತೇನೆ. ಎಲೆ ಅಡಿಕೆ ಉಪವಾಸಕ್ಕೆ ಅಡ್ಡಿಯಲ್ಲವೆಂದು ನಾನೇ ಅವ್ವನಿಗೆ ಹೇಳಿದ್ದೇನೆ, ಆಕೆ ಇಲ್ಲವೆಂದಿಲ್ಲ.

ಮೀನಿಗೆ ಉಪವಾಸವೆಂದು ಕೇಳಿ ಭಾವ ಕೌತುಕಪಟ್ಟರು. "ಅತ್ತ್ಯಾರ, ಪ್ರಾಣಿಹಿಂಸಾ ಅಂತಾರ್ರಿ ಇದಕ್ಕ!" ಎಂದು ಹೇಳಿ, ಸಾಕ್ಷಿಗೆಂದು ಮೊಬೈಲಿನಲ್ಲಿ ಹುಡುಕತೊಡಗಿದರು. ಹುಡುಕಿದರು. ಇನ್ನೂ ಹುಡುಕಿದರು. ಆಮೇಲೆ ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದರು. ನಾನು ಬಿಡುತ್ತೇನೆಯೇ? ಏನೆಂದು ಬರೆದಿದೆ, ಓದಿ ಹೇಳಿ, ನಮಗೆ ಓದು ಬರುವುದಿಲ್ಲ ಎಂದೆ. ವಾರಕ್ಕೊಂದು ದಿನ ಮೀನನ್ನು ಉಪವಾಸ ಇಟ್ಟರೆ ಹೊಟ್ಟೆಗೂ ನೀರಿಗೂ ಒಳ್ಳೆಯದು ಎಂದಿತ್ತಂತೆ. ಅವ್ವ ನಗಲೂ ಇಲ್ಲ. "ಸೋಮವಾರ ಅಂತ ಬರದಾರೇನು?" ಎಂದು ಕೇಳಿದಳು. ವಾರ ಬರೆದಿಲ್ಲವೆಂದರು. "ಅರ್ಧಾ ಗೊತ್ತೈತಿ ಅವರಿಗೆ" ಎಂದು ಒಳಗೆ ಹೋದಳು.

ಬೇಸಿಗೆ ಬಂತು. ಕೊಳಾಯಿ ನೀರಿನ ಔಷಧದ ವಾಸನೆ ಹೋಗಲೆಂದು ಎರಡು ದಿನ ಡ್ರಮ್ಮಿನಲ್ಲಿ ತುಂಬಿಟ್ಟು ಆಮೇಲೆ ಹಾಕುತ್ತಿದ್ದೆ. ತೊಟ್ಟಿಯ ಗಾಜಿನ ಮುಚ್ಚಳ ತೆಗೆದು, ನಾನೇ ಮಾಡಿದ ಸೊಳ್ಳೆ ಜಾಲರಿಯ ಚೌಕಟ್ಟು ಇಟ್ಟೆ. ನೀರಿನ ಮೇಲೆ ಗಾಳಿ ಆಡುವಂತೆ ಟೇಬಲ್ ಫ್ಯಾನು ತಿರುಗಿಸಿದೆ. ಮಣ್ಣಿನ ಹರವಿಯ ನೀರು ಯಾಕೆ ತಣ್ಣಗಾಗುತ್ತದೆಂದು ತಿಳಿಯಲು ಏಳನೆಯ ಇಯತ್ತೆಯೂ ಬೇಡ, ಒಮ್ಮೆ ಬಾಯಾರಿದ್ದರೆ ಸಾಕು. ಹೊರಗೆ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲಿ ನಮ್ಮ ಗೌಡ ಮೀಸೆ ತಿರುವುತ್ತ ಪಾಲಕ ತಿನ್ನುತ್ತಿದ್ದ. ನನ್ನ ಫ್ಯಾನನ್ನು ಮಾತ್ರ ಅವನಿಗೆ ಕೊಟ್ಟಿದ್ದರಿಂದ ನಾನು ಆ ಬೇಸಿಗೆಯೆಲ್ಲ ರಟ್ಟಿನಲ್ಲಿ ಗಾಳಿ ಬೀಸಿಕೊಂಡೆ. ಅದನ್ನು ಭಾವನಿಗೆ ಹೇಳಿಲ್ಲ. ಆರಕ್ಕೆ ಆರೂ ಮೀನು ಬೇಸಿಗೆ ದಾಟಿದವು.

ಶ್ರಾವಣದ ಒಂದು ಸೋಮವಾರ ಸಂಜೆ, ನಾನು ಅಂಗಡಿಯಿಂದ ಆಗತಾನೆ ಬಂದಿದ್ದೆ, ಬಾಯಲ್ಲಿ ಪಾನ್ ಇನ್ನೂ ಇತ್ತು. ಭಾವ ಬಂದರು. ಕೈಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಕಡ್ಡಿಯಷ್ಟು ತೆಳ್ಳಗಿನ ಹತ್ತು ಮೀನು. ನೀಲಿ ಗೆರೆ, ಕೆಂಪು ಬಾಲ, ಮಿಣಿಮಿಣಿ ಹೊಳೆಯುತ್ತಿದ್ದವು. ನಿಯಾನ್ ಟೆಟ್ರಾ ಅಂತೆ.

"ಬ್ಯಾಸಗಿ ದಾಟಿಸೀದಿ ವೀರೇಶ. ಒಪ್ಪಿದೆ" ಎಂದರು. ಆಮೇಲೆ ಸ್ವಲ್ಪ ತಡೆದು, "ಇವು ಭಾಳ ಶಾಂತ ಸ್ವಭಾವದ ಮೀನು. ಯಾರ ತಂಟೆಕ್ಕೂ ಹೋಗೂದಿಲ್ಲ ಅಂತ ಓದೀನಿ. ಬಿಡಬಹುದಲ್ಲ?" ಎಂದು ನನ್ನನ್ನು ಕೇಳಿದರು.

ನನ್ನನ್ನು! ರಸಾಯನಶಾಸ್ತ್ರ ಗಾಜಿನ ಅಂಗಡಿಯನ್ನು ಕೇಳಿತು. ಆ ಕ್ಷಣದಲ್ಲಿ ಖಾಲಿದ್ ಭಾಯಿಯ ಮಾತು ನೆನಪಿಗೆ ಬರಲಿಲ್ಲವೇ? ಬಂತು. ಆದರೆ "ಬೇಡ, ನಮ್ಮ ಮೀನಿನ ಮೇಲೆ ನನಗೆ ನಂಬಿಕೆಯಿಲ್ಲ" ಎಂದು ಯಾವ ಬಾಯಿಂದ ಹೇಳಲಿ? "ಧಾರಾಳ ಬಿಡ್ರಿ ಭಾವಾರ. ನಮ್ಮ ಗೌಡ ಹುಟ್ಟಾ ಶಾಕಾಹಾರಿ. ಅವನ ಮುಂದ ಮಾಂಸದ ಗುಡ್ಡಾ ಇಟ್ರೂ ಮಾರಿ ತಿರುವ್ತಾನ" ಎಂದೆ. ಅವ್ವ ದೇವರ ಮನೆಯಿಂದ, ಶಾಂತಾ ಅಡುಗೆಮನೆಯಿಂದ ನೋಡಲು ಬಂದರು. ಭಾವ ಚೀಲ ಬಿಚ್ಚಿ ಬಗ್ಗಿಸಿದರು. ಬಣ್ಣದ ಮಳೆ ಬಿದ್ದಂತೆ ಹತ್ತು ಮೀನು ಇಳಿದವು. ಬೆಳಿಗ್ಗೆಯಿಂದ ಹಸಿದಿದ್ದ ಗೌಡ ಮೂಲೆಯಿಂದ ನಿಧಾನವಾಗಿ ಬಂದ. ಒಂದನ್ನು ವಾಸನೆ ನೋಡುವವನಂತೆ ನೋಡಿದ. ಬಾಯಿ ತೆರೆದ. ಮುಚ್ಚಿದ. ಒಂಬತ್ತು ಉಳಿದವು. ತುಟಿಯ ಸಂದಿಯಲ್ಲಿ ಒಂದು ಕೆಂಪು ಬಾಲ ಕ್ಷಣಕಾಲ ಅಲ್ಲಾಡಿ ಅದೂ ಒಳಗೆ ಹೋಯಿತು.

ಮೊದಲು ಬಾಯಿ ಬಿಟ್ಟವರು ಭಾವ. "ಅತ್ತ್ಯಾರ, ತಿಂತಲ್ರಿ ಮಾಂಸಾ! ಅದೂ ಸೋಮವಾರ! ನಿಮ್ಮ ಕರಾರು ಏನಾತ್ರಿ?" ಶಾಂತಾ ಅಟ್ಟದ ಮೇಲಿನ ಹಿತ್ತಾಳೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಅಷ್ಟೆ. ನಾನು ಮಾತ್ರ ಸೋಲಲಿಲ್ಲ. ತೊಟ್ಟಿಗೆ ಬೆನ್ನು ಕೊಟ್ಟು ನಿಂತು ವಾದಕ್ಕಿಳಿದೆ. ಅದು ತಿಂದದ್ದಲ್ಲ, ಬಾಯಿಗೆ ಬಂದು ಬಿದ್ದದ್ದು. ಆರು ತಿಂಗಳು ನಿಯಮದಿಂದ ಇದ್ದವನು ಒಂದು ದಿನ ತಪ್ಪಿದರೆ ಪೂರಾ ಕೆಟ್ಟವನಾಗುವುದಿಲ್ಲ. ಮನೆಯಲ್ಲಿ ಕೊಟ್ಟದ್ದನ್ನೆಲ್ಲ ಮುಖ ಕಿವುಚದೆ ತಿಂದಿದ್ದಾನೆ. ಮೇಲಾಗಿ ಇದು ಹೊರಗಿನಿಂದ ಬಂದದ್ದು, ಹೊರಗಿನದಕ್ಕೆ ಮನೆಯ ಕರಾರು ಹೇಗೆ ತಾಗುತ್ತದೆ? ಹೀಗೆ ಮಾತಾಡುತ್ತ ಹೋದಂತೆ, ನಾನು ಯಾರ ವಕೀಲಿ ಮಾಡುತ್ತಿದ್ದೇನೆಂದು ನನಗೇ ಸ್ವಲ್ಪ ಅನುಮಾನ ಬಂತು. ಪಾನ್ ನುಂಗಿದೆ.

ಅವ್ವ ಗೌಡನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಖಾಲಿದ್ ಭಾಯಿ ನೋಡಿದ ಹಾಗೆಯೇ.

"ಸೋಮವಾರ ಕೆಡಿಸಿದವರನ್ನ ಹೊರಗ ಹಾಕೂದಾದ್ರ ಬರೇ ಮೀನು ಹಾಕಿದ್ರ ನ್ಯಾಯ ಆಗೂದಿಲ್ಲ ಅಳಿಯಂದ್ರ" ಎಂದಳು. "ಅದು ನನ್ನ ಕಣ್ಣಮುಂದ ತಿಂತು. ತಿಂದು ಬಾಯಾಗ ಮೀಠಾ ಪಾನ್ ಹಾಕ್ಕೊಂಡು ಬಂದು, ಅವ್ವಾ ಹಸಿವ್ಯಾಗೇತಿ ಅನ್ನಲಿಲ್ಲ."

ಸಮಯ ಬಂದಾಗ ಹೇಳುತ್ತೇನೆಂದಿದ್ದೆನಲ್ಲ, ಈಗ ಹೇಳುತ್ತೇನೆ. ನನ್ನ ಅಂಗಡಿಯ ಎದುರಿನ ಹೋಟೆಲಿನಲ್ಲಿ, ಗೋಡೆಗೆ ಮುಖ ಮಾಡಿದ ಮೂಲೆಯ ಮೇಜೊಂದು ಮಧ್ಯಾಹ್ನ ಒಂದೂವರೆಗೆ ಇಪ್ಪತ್ತು ವರ್ಷದಿಂದ ನನ್ನದು. ಬಿರಿಯಾನಿಗೆ ವಾರದ ಲೆಕ್ಕವಿರುವುದಿಲ್ಲ. ಗಾಜಿನ ವ್ಯಾಪಾರಿಯಾದ ನಾನು ಮುಖಕ್ಕೆ ಮುಖ ಕಾಣುವ ಕೆಲಸ ಮಾಡಿಕೊಂಡು, ಅವ್ವನಿಗೆ ಮಾತ್ರ ಏನೂ ಕಾಣುವುದಿಲ್ಲವೆಂದು ನಂಬಿದ್ದೆ. ಆಕೆ ಇಪ್ಪತ್ತು ವರ್ಷ ನನ್ನ ಪಾನಿನ ವಾಸನೆಯ ಹಿಂದಿನ ವಾಸನೆಯನ್ನು ಎಣಿಸುತ್ತ ಕೂತಿದ್ದಳು.

ಉಳಿದ ಒಂಬತ್ತನ್ನು ಬಲೆಯಿಂದ ಎತ್ತಿ ಭಾವ ತಾವೇ ಬಕೆಟ್ಟಿನಲ್ಲಿ ತೆಗೆದುಕೊಂಡು ಹೋದರು. ತೊಟ್ಟಿ ಅಲ್ಲೇ ಇದೆ. ಹಿತ್ತಾಳೆ ಅಟ್ಟದ ಮೇಲೇ ಇದೆ. ಗೌಡ ಈಗ ಒಂದೂವರೆ ಅಡಿ ಬೆಳೆದಿದ್ದಾನೆ, ಸೋಮವಾರ ಎಂದಿನಂತೆ ಉಪವಾಸ. ಯಾರಾದರೂ ನಮ್ಮ ಮನೆಗೆ ಬಂದು, ಇಷ್ಟು ದೊಡ್ಡ ತೊಟ್ಟಿಗೆ ಈ ಬೂದು ಮೀನೇ ಯಾಕೆ, ಇನ್ನೂ ಚಂದದ್ದು ಸಿಗುತ್ತಿರಲಿಲ್ಲವೇ ಎಂದು ಕೇಳಿದರೆ ನಾನು ಇವತ್ತಿಗೂ ಎದೆ ಸೆಟೆಸಿ ಹೇಳುತ್ತೇನೆ, ಈ ಊರಿನ ಬಿಸಿಲಿಗೂ ನಮ್ಮ ಮನೆಯ ನಿಯಮಕ್ಕೂ ಇದಕ್ಕಿಂತ ಸರಿಯಾದ ಮೀನು ಸಮುದ್ರದಲ್ಲೂ ಇಲ್ಲ ಎಂದು. ಆಗೆಲ್ಲ ಅವ್ವ ಒಳಗಿನಿಂದ ಒಮ್ಮೆ ಕೆಮ್ಮುತ್ತಾಳೆ. ಆ ಕೆಮ್ಮಿಗೆ ಗೌರವ ಕೊಟ್ಟು ನಾನೂ ಒಂದು ತ್ಯಾಗ ಮಾಡಿದ್ದೇನೆ. ಸಂಜೆಯ ಪಾನ್ ಬಿಟ್ಟಿದ್ದೇನೆ. ಪಾನ್ ಒಂದನ್ನೇ.